ಉಡಿ ತುಂಬಿ ಕಳಿಸಿದವರು

ಜೂನ್ 15, ಭಾನುವಾರ

ಇವತ್ತಿನಿಂದ ನಾನು ನೀರಲ್ಲಿ ಮುಳುಗಿದವರನ್ನು ಹುಡುಕಿ ತೆಗೆಯುವ ತಂಡದವಳು. ಕಿತ್ತಳೆ ಬಣ್ಣದ ಜಾಕೀಟು ಕೊಟ್ಟಿದ್ದಾರೆ. ರಾಯಚೂರಿನಲ್ಲಿ ಇಷ್ಟು ವರ್ಷ ಮ್ಯಾಚಿಂಗ್ ಸೆಂಟರ್ ನಡೆಸಿದವಳು ನಾನು. ಸೀರೆ ತೋರಿಸಿದರೆ ಸಾಕು, ಅದಕ್ಕೆ ಹೊಂದುವ ಕುಬಸದ ಖಣ ಯಾವ ಅರೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಈ ಕಿತ್ತಳೆಗೆ ಹೊಂದುವ ಸೀರೆಯನ್ನು ಇನ್ನೂ ಯಾರೂ ನೇಯ್ದಿಲ್ಲ. ಮೇಲಾಗಿ ಯಾರೋ ಹಾಕಿ ಬಿಟ್ಟದ್ದು. ಕಂಕುಳಲ್ಲಿ ಬೇರೆಯವರ ಬೆವರಿನ ಕಮಟು. ಛೀ.

ಸೇರಿದ್ದು ಸೇವೆ ಮಾಡುವ ಆಸೆಯಿಂದಲ್ಲ. ತಂಡದ ಅಧ್ಯಕ್ಷರು ಅಕ್ಕಿ ಗಿರಣಿಯ ಶಂಭುಲಿಂಗಪ್ಪನವರು. ಹೋದ ವಾರ ಅಂಗಡಿಗೆ ಬಂದು, "ಉಮಾದೇವಿಯವ್ರ, ತಂಡದಾಗ ಒಬ್ರರೆ ಹೆಣ್ಮಕ್ಕಳು ಇರಬೇಕ್ರಿ. ಫೋಟೋದಾಗ ಬರೇ ಗಂಡಸ್ರ ಮಾರಿ ಚಂದ ಕಾಣಂಗಿಲ್ಲ. ನೀವು ಈಜತೀರಂತ ಕೇಳೀನಿ" ಎಂದರು. ಈಜುವುದು ನಿಜ. ಸಿರವಾರದ ನಮ್ಮ ಹೊಲದ ಬಾವಿಯಲ್ಲಿ ಅಪ್ಪ ಸೊಂಟಕ್ಕೆ ಬೆಂಡು ಕಟ್ಟಿ ಕಲಿಸಿದ್ದು. ಆದರೂ ಒಲ್ಲೆ ಅನ್ನುವವಳಿದ್ದೆ. ಅಷ್ಟರಲ್ಲಿ ಒಳಗೆ ಕೂತಿದ್ದ ನಮ್ಮ ಮನೆಯವರು ನಕ್ಕರು. "ಈಕಿನಾ? ಬಚ್ಚಲದಾಗ ಜಿರಲಿ ಕಂಡ್ರ ಓಣಿ ತುಂಬ ಕೇಳೂಹಂಗ ಚೀರ್ತಾಳ್ರಿ. ಒಂದ ಐತಾರ ಹೋದ್ರ ಹೆಚ್ಚು." ಆ ಮಾತಿಗೇ ನಾನು ಹೂಂ ಅಂದದ್ದು.

ಇವತ್ತು ಹಗ್ಗದ ಗಂಟು ಕಲಿಸಿದರು. ಕಲಿಸುವವರು ಸಲಾವುದ್ದೀನ್ ಸಾಹೇಬರು, ಅಗ್ನಿಶಾಮಕದಿಂದ ನಿವೃತ್ತರಾದವರು. ಅವರೊಬ್ಬರು ಸ್ವಚ್ಛವಾಗಿದ್ದಾರೆ. ನನ್ನ ಜೋಡಿಗೆ ಹಾಕಿದ್ದು ಗದ್ದೆಪ್ಪ ಎಂಬವನನ್ನು. ಹತ್ತಿ ಮಿಲ್ಲಿನಲ್ಲಿ ಹಮಾಲಿ. ಬಾಯಿ ತುಂಬ ಗುಟ್ಕಾ. ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಗಂಟು ಬಿಗಿದು, ಅದೇ ತುದಿಯನ್ನು "ಹಿಡೀರಿ ಅಕ್ಕಾರ" ಎಂದು ನನ್ನ ಕೈಗೆ ಕೊಟ್ಟ. ಕರವಸ್ತ್ರ ಸುತ್ತಿ ಹಿಡಿದೆ. ಮನೆಗೆ ಬಂದು ಮೂರು ಸಲ ಸೋಪು ಹಚ್ಚಿದರೂ ಕೈಗೆ ಅವನ ಬಾಯಿ ಅಂಟಿಕೊಂಡಂತೆಯೇ ಇದೆ.

ಜೂನ್ 29, ಭಾನುವಾರ

ಮಾನ್ವಿ ಕಡೆ ತುಂಗಭದ್ರೆಯ ದಂಡೆಗೆ ಕರೆದುಕೊಂಡು ಹೋಗಿದ್ದರು. ಹೊಸ ನೀರು ಇನ್ನೂ ಬಂದಿಲ್ಲ. ಮಡುವಿನಲ್ಲಿ ನಿಂತ ನೀರು, ಮೇಲೆ ಎಮ್ಮೆ, ಕೆಳಗೆ ಕೆಸರು, ನಡುವೆ ನಾವು. ದೇವರಿಗೆ ಏರಿಸಿದ ಹಾರಗಳು ಕೊಳೆತು ಕಾಲಿಗೆ ಸುತ್ತಿಕೊಳ್ಳುತ್ತವೆ. ಜನ ಇದಕ್ಕೇ ತಾಯಿ ಅಂತಲೂ ಕರೆಯುತ್ತಾರೆ, ಇದರಲ್ಲೇ ಎಲ್ಲವನ್ನೂ ಮಾಡುತ್ತಾರೆ.

ಮರಳು, ಹೊಟ್ಟು ತುಂಬಿದ ಚೀಲವನ್ನು ಹೆಣವೆಂದು ತಿಳಿದು ದಂಡೆಗೆ ತರಬೇಕು. ಗದ್ದೆಪ್ಪ ಆ ಚೀಲವನ್ನು "ಬೀಗರು" ಅನ್ನುತ್ತಾನೆ. "ಬೀಗರನ್ನ ಸಾವಕಾಶ ಕರಕೊಂಡ ಬರ್ರಿ ಅಕ್ಕಾರ, ಸಿಟ್ಟಾಗ್ಯಾರು." ಎಲ್ಲರೂ ನಗುತ್ತಾರೆ. ಹಿಂದಿನಿಂದ ತೋಳು ಹಾಕಿ ಚೀಲ ಹಿಡಿದೆ. ಗೋಣಿಯ ಮೇಲೆ ಪಾಚಿಯ ಲೋಳೆ. ಅದು ಕುತ್ತಿಗೆಗೆ ತಾಗಿದ್ದೇ ತಡ, ಮೈ ಜುಮ್ಮೆಂದು ಕೈ ಬಿಟ್ಟೆ. ಬೀಗರು ಮುಳುಗಿದರು. ಮತ್ತೆ ಹುಡುಕಿ ತೆಗೆಯಲು ಊಟದ ಹೊತ್ತು ಮೀರಿತು.

ಸಲಾವುದ್ದೀನ್ ಸಾಹೇಬರು ಬೈಯಲಿಲ್ಲ. "ಒಂದ ಬಾತ್ ನೆನಪಿಡು ಬೇಟಿ. ಹಿಡಿದ ಮ್ಯಾಲ ಬಿಡಬ್ಯಾಡ. ಯಾರು ಬಿಡು ಅಂದ್ರೂ ಬಿಡಬ್ಯಾಡ. ಜೀವ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ" ಎಂದರು.

ಗದ್ದೆಪ್ಪ ತನ್ನ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಮುಂದೆ ಹಿಡಿದ. ಇವತ್ತು ಉಪವಾಸ ಎಂದು ಸುಳ್ಳು ಹೇಳಿ ಜೀಪಿನಲ್ಲಿ ಕೂತು ಬಾಳೆಹಣ್ಣು ತಿಂದೆ. ಬಾಳೆಹಣ್ಣಿಗೆ ದೇವರೇ ಪ್ಯಾಕಿಂಗ್ ಮಾಡಿರುತ್ತಾನೆ.

ಜುಲೈ 20, ಭಾನುವಾರ

ತರಬೇತಿಗಿಂತ ಫೋಟೋ ಹೆಚ್ಚಾಯಿತು. ಶಂಭುಲಿಂಗಪ್ಪನವರು ಒಣಗಿದ ಜಾಕೀಟು ಹಾಕಿ, ಒದ್ದೆಯಾದ ನಮ್ಮ ನಡುವೆ ನಿಂತರು. ಪತ್ರಿಕೆಯಲ್ಲಿ ಬರುತ್ತದಂತೆ.

ಶ್ರಾವಣ ಹತ್ತಿರ ಬಂತು, ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ದೇವದುರ್ಗ, ಸಿರವಾರ ಕಡೆಯ ಸಣ್ಣ ಅಂಗಡಿಯವರು ಉಡಿ ತುಂಬುವ ಖಣಗಳ ಕಟ್ಟು ಒಯ್ಯಲು ಬರುತ್ತಿದ್ದಾರೆ. ನನ್ನ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರುವುದೂ ಅದೇ, ನನಗೆ ಎಲ್ಲಕ್ಕಿಂತ ಹೇಸಿಗೆಯೂ ಅದೇ. ಗಂಜಿ ಹಾಕಿ ನಿಲ್ಲಿಸಿದ ಬಟ್ಟೆ. ಒಂದು ಒಗೆತಕ್ಕೆ ಬಣ್ಣ ಬಿಡುತ್ತದೆ. ತೋಳಿಗೆ ಸಾಲುವಷ್ಟು ಅಗಲವಿಲ್ಲ. ಇದನ್ನು ಯಾರೂ ಹೊಲಿಸುವುದಿಲ್ಲ. ಬಂದ ಮುತ್ತೈದೆಯ ಸೆರಗಿಗೆ ಅಕ್ಕಿಯ ಜೊತೆ ಹಾಕಿ ಉಡಿ ತುಂಬುವುದು, ಅವಳು ಟ್ರಂಕಿನಲ್ಲಿಟ್ಟು ಇನ್ನೊಬ್ಬಳ ಉಡಿಗೆ ಹಾಕುವುದು, ಅವಳು ಮತ್ತೊಬ್ಬಳಿಗೆ. ಹೋದ ವರ್ಷ ನಾನೇ ನಾದಿನಿಗೆ ಕೊಟ್ಟ ನೇರಳೆ ಖಣ ನಾಲ್ಕು ಮನೆ ತಿರುಗಿ ನನ್ನ ಉಡಿಗೇ ಬಂತು. ಕೊಟ್ಟವರಿಗೆ ಕೊಟ್ಟ ಸಮಾಧಾನ, ಇಟ್ಟುಕೊಳ್ಳುವವರು ಮಾತ್ರ ಯಾರೂ ಇಲ್ಲ.

ಆಗಸ್ಟ್ 10, ಭಾನುವಾರ

ಕೆರೆಯಲ್ಲಿ ಹುಡುಕಾಟ. ಒಬ್ಬ ಕುಡಿದು ಬಿದ್ದಿದ್ದಾನೆಂದು ಅವನ ಮನೆಯವರು ಅಳುತ್ತಿದ್ದರು. ನಮಗೆ ಸಿಕ್ಕಿದ್ದು ಸತ್ತ ಹಂದಿ. ಆ ಪುಣ್ಯಾತ್ಮ ಸಂಜೆ ಅತ್ತೆ ಮನೆಯಿಂದ ನಡೆದುಕೊಂಡು ಬಂದ.

ಊಟ ಸೇರುತ್ತಿಲ್ಲ. ಬಿಟ್ಟುಬಿಡುತ್ತೇನೆ ಎಂದು ಶಂಭುಲಿಂಗಪ್ಪನವರಿಗೆ ಹೇಳಬೇಕು. ನಮ್ಮ ಮನೆಯವರು ನಗುತ್ತಾರೆ, ಅದೊಂದೇ ಅಡ್ಡಿ.

ಸೆಪ್ಟೆಂಬರ್ 12, ಶುಕ್ರವಾರ

ಬಿಡುತ್ತೇನೆಂದು ಹೇಳುವ ಮೊದಲೇ ಫೋನು ಬಂತು. ದೇವದುರ್ಗ ತಾಲೂಕು, ದೊಡ್ಡ ಕಾಲುವೆ. ನಿನ್ನೆ ಮುಂಜಾನೆಯಿಂದ ಒಬ್ಬ ಹೆಣ್ಣುಮಗಳು ಇಲ್ಲ.

ಹೆಸರು ದೇವಿಕಾ. ತವರು ಮಸರಕಲ್, ಕುರಿ ಮೇಯಿಸುವ ಮನೆತನ. ಕಾಲುವೆ ದಂಡೆಯ ಒಂದು ದೊಡ್ಡಿಗೆ ಕೊಟ್ಟಿದ್ದಾರೆ. ದೊಡ್ಡಿ ಅಂದರೆ ಹತ್ತಿಪ್ಪತ್ತು ಮನೆಗಳ ಊರು. ಕುರಿಯೊಂದಿಗೆ ಆಚೆ ದಂಡೆಯಲ್ಲಿದ್ದ ಗಂಡನಿಗೆ ಬುತ್ತಿ ಒಯ್ದವಳು ಅಲ್ಲಿಗೆ ಮುಟ್ಟಲಿಲ್ಲ. ಬುತ್ತಿಯ ಗಂಟು ಮಾತ್ರ ಕುರಿ ತೊಳೆಯುವ ಮೆಟ್ಟಿಲ ಹತ್ತಿರ ತೇಲುತ್ತಿತ್ತು.

ಇಷ್ಟಾದ ಮೇಲೆ ಯಾರಿಗಾದರೂ ಏನು ಅನ್ನಿಸಬೇಕು? ಅವಳ ಅತ್ತೆ ಹೇಳುತ್ತಾಳೆ, "ಬುತ್ತಿ ನೀರಿಗಿ ಒಗದು ಓಡಿ ಹೋಗ್ಯಾಳ್ರಿ. ಅಲ್ಲಿ ಜೆಸಿಬಿ ನಡಸೂ ಹುಡುಗ ಒಬ್ಬ ಇದ್ದ, ಅವನೂ ಕಾಣವಲ್ಲ." ಆ ಜೆಸಿಬಿ ಹುಡುಗ ಮಧ್ಯಾಹ್ನ ಅಲ್ಲೇ ಚಹಾ ಕುಡಿಯುತ್ತಿದ್ದ, ನಾನೇ ನೋಡಿದೆ. ಹೇಳಿದರೆ, "ಹಂಗಾದ್ರ ಮತ್ತೊಬ್ಬ ಇರ್ತಾನ ಬಿಡ್ರಿ" ಅಂದಳು. ಗಂಡ ತಲೆ ತಗ್ಗಿಸಿ ಕೂತಿದ್ದ. ಅವನ ಬಾಯಲ್ಲಿ ಹಲ್ಲಿದೆಯೋ ಇಲ್ಲವೋ ತಿಳಿಯಲಿಲ್ಲ.

ದೇವಿಕಾಳ ತಾಯಿ ಮಾರೆಮ್ಮ ಮೆಟ್ಟಿಲ ಮೇಲೆ ಕೂತಿದ್ದಾಳೆ. ಅಳುವುದಿಲ್ಲ. ನನ್ನ ಕೈ ಹಿಡಿದು ಒಂದೇ ಮಾತು ಅಂದಳು. "ಸತ್ತಾಳಂತ ನನಗ ಗೊತ್ತದ ಯವ್ವಾ. ಓಡಿ ಹೋಗ್ಯಾಳ ಅಂತಾರಲ್ಲ, ಅದಕ್ಕ ಹುಡುಕಿ ಕೊಡು. ಮಣ್ಣು ಕೊಟ್ಟರ ಆಕಿ ಹೆಸರು ಉಳಿತದ."

ಅವಳ ಕೈಗೆ ಕುರಿ ವಾಸನೆ.

ಸೆಪ್ಟೆಂಬರ್ 13, ಶನಿವಾರ

ಇಡೀ ದಿನ ಬುತ್ತಿ ಸಿಕ್ಕ ಜಾಗದಲ್ಲೇ ಜಾಲಾಡಿದೆವು. ರಬ್ಬರ್ ದೋಣಿಯಿಂದ ಪಾತಾಳಗರಡಿ ಇಳಿಬಿಟ್ಟು ಎಳೆಯುವುದು. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಯೇ, ಗಾತ್ರ ಮಾತ್ರ ದೊಡ್ಡದು. ಟಯರು ಬಂತು, ಹಳೆಯ ಹಾಸಿಗೆ ಬಂತು, ಕೋಳಿ ಪುಚ್ಚದ ಚೀಲ ಬಂತು. ಅದನ್ನು ಬಿಚ್ಚಿ ನೋಡಬೇಕಾಯಿತು. ಬಿಚ್ಚಿದವಳು ನಾನೇ.

ಕೊಕ್ಕೆ ಎಳೆಯುವಾಗಲೆಲ್ಲ ಮಾರೆಮ್ಮ ಎದ್ದು ನಿಲ್ಲುತ್ತಾಳೆ, ಬೇರೆ ಏನೋ ಬಂದರೆ ಕೂಡುತ್ತಾಳೆ. ದಂಡೆಯ ಮೇಲೆ ಜಾತ್ರೆಗಿಂತ ಹೆಚ್ಚು ಜನ. ಮಿರ್ಚಿ ಬಂಡಿ ಬಂದು ನಿಂತಿದೆ. ಮಿರ್ಚಿ ಕಡಿಯುತ್ತ, ಎಣ್ಣೆ ಕೈಯಲ್ಲಿ ಫೋನು ಹಿಡಿದು ವಿಡಿಯೋ ಮಾಡುತ್ತಾರೆ. ಒಬ್ಬ ನನ್ನ ಕಡೆ ತಿರುಗಿ, "ಅಕ್ಕಾ, ಏನರೆ ಸಿಕ್ಕರ ಮೊದಲ ಈ ಕಡೆ ತೋರಸ್ರಿ" ಎಂದ. ಥೂ ನಿನ್ನ, ಎಂದೆ. ಅದೂ ವಿಡಿಯೋದಲ್ಲಿ ಬಂದಿದೆಯಂತೆ.

ಗುರುತಿಗೆಂದು ಏನು ಉಟ್ಟಿದ್ದಳು ಎಂದು ಮಾರೆಮ್ಮನನ್ನು ಕೇಳಿದೆ. ಹಸಿರು ಸೀರೆ, ಹಳದಿ ಕುಬಸ. "ಪಂಚಮಿಗಿ ಬಂದಾಗ ನಾ ಉಡಿ ತುಂಬಿದ ಖಣ ಯವ್ವಾ. ಎಲ್ರೂ ಪೆಟಗ್ಯಾಗ ಇಡ್ತಾರ. ನಮ್ಮಾಕಿ ಇಡಲಿಲ್ಲ. ಅಗಲ ಸಾಲಲಿಲ್ಲಂದ್ರ ತೋಳಿಗಿ ಬ್ಯಾರೆ ಅರಿವಿ ಕೂಡಿಸಿ ಹೊಲಿಸಿಕೊಂಡಾಳ. ಅವ್ವ ಕೊಟ್ಟದ್ದು, ಮೈಮ್ಯಾಲ ಇರಬೇಕಂತ."

ಹಳದಿ ಕುಬಸ, ತೋಳಿಗೆ ಬೇರೆ ಅರಿವೆ ಎಂದು ಚೀಟಿಯಲ್ಲಿ ಬರೆದುಕೊಂಡೆ.

ಶಂಭುಲಿಂಗಪ್ಪನವರು ಕೆಳಗಿನ ದೊಡ್ಡಿಗಳಿಗೆಲ್ಲ ಫೋನು ಮಾಡಿ ಕೇಳಿದ್ದಾರೆ. ನೀರಲ್ಲಿ ಏನೂ ಹಾದು ಹೋಗಿಲ್ಲ ಎಂದು ಎಲ್ಲರೂ ಹೇಳಿದ್ದಾರಂತೆ. ಹಾಗಿದ್ದರೆ ಇಲ್ಲೇ ಇರಬೇಕು ಎಂದು ಸಂಜೆಯವರೆಗೂ ಅಲ್ಲೇ ಎಳೆದೆವು.

ಸೆಪ್ಟೆಂಬರ್ 14, ಭಾನುವಾರ

ಸಿಕ್ಕಳು.

ಇವತ್ತು ಬರೆಯಲಾರೆ.

ಸೆಪ್ಟೆಂಬರ್ 16, ಮಂಗಳವಾರ

ನಿನ್ನೆ ಅಂಗಡಿ ತೆಗೆಯಲಿಲ್ಲ. ಇವತ್ತೂ ಇಲ್ಲ. ಬರೆದರೆ ಹೊಟ್ಟೆಯಿಂದ ಹೋಗುತ್ತದೇನೋ ನೋಡೋಣ.

ಭಾನುವಾರ ಮುಂಜಾನೆ ಸಲಾವುದ್ದೀನ್ ಸಾಹೇಬರಿಗೆ ಅನುಮಾನ ಬಂತು. "ನೀರಿನ್ಯಾಗ ಇಷ್ಟು ಹೊತ್ತಾದ್ರ ಮ್ಯಾಲ ತೇಲಬೇಕು. ತೇಲಿದ್ರ ಮುಂದ ಹೋಗಬೇಕು. ಯಾರೂ ನೋಡಿಲ್ಲಂದ್ರ ಹ್ಯಾಂಗ?" ನನ್ನನ್ನೂ ಗದ್ದೆಪ್ಪನನ್ನೂ ಜೀಪಿನಲ್ಲಿ ದಂಡೆ ಗುಂಟ ಕಳಿಸಿದರು.

ಮೊದಲ ಸೇತುವೆಯ ಪಕ್ಕದ ದೊಡ್ಡಿ. ಕಟ್ಟೆಯ ಮೇಲಿದ್ದ ಗಂಡಸರು ನಮ್ಮನ್ನು ನೋಡಿ ಎದ್ದು ಹೋದರು. ಬಿಸಿಲು ಸುಡುತ್ತಿತ್ತು. ಒಂದು ಮನೆಯ ಮುಂದೆ ಕೂತಿದ್ದ ಮುದುಕಿ ಕರೆದಳು, "ಬಾರ ಯವ್ವಾ, ನೆರಳಾಗ ಕುಂದ್ರು." ಹೆಸರು ತಿಮ್ಮವ್ವ ಅಂದಳು. ಫಳಫಳ ಹೊಳೆಯುವ ಚೊಂಬಿನಲ್ಲಿ ನೀರು ಕೊಟ್ಟಳು. ಮನೆ ಎಷ್ಟು ಸ್ವಚ್ಛವಿತ್ತೆಂದರೆ, ನಾನು ಎರಡನೇ ಮಾತಿಲ್ಲದೆ ಕುಡಿದೆ. ಹಸಿರು ಸೀರೆಯ ಹುಡುಗಿಯನ್ನು ಹುಡುಕುತ್ತಿದ್ದೇವೆ, ತಾಯಿ ಕೂತಲ್ಲೇ ಕೂತಿದ್ದಾಳೆ ಎಂದೆ.

"ಅಯ್ಯ, ಹಡದಾಕಿ ಇನ್ನಾ ಹುಡುಕಾಕತ್ತಾಳೇನು!" ಎಂದಳು ತಿಮ್ಮವ್ವ. "ನಿನ್ನಿ ಮುಂಜಾನಿ ಬಂದಿದ್ಲು ಯವ್ವಾ. ಕೈ ತುಂಬ ಬಳಿ. ಮುತ್ತೈದಿ. ಬರಿಗೈಲೆ ಹ್ಯಾಂಗ ಕಳಸೂದು? ಅರಿಷಿಣ ಕುಂಕುಮ ಹಚ್ಚಿದ್ನಿ. ಸೆರಗಿನ ತುದಿಗಿ ಅಕ್ಕಿ ಹಾಕಿ ಖಣ ಕಟ್ಟಿ ಉಡಿ ತುಂಬಿದ್ನಿ. ಹೋಗಿ ಬಾರವ್ವಾ ಅಂದ್ನಿ. ಆಮ್ಯಾಲ ಹುಡುಗ್ರು ಬಿದಿರಿನ ಗಳ ಹಚ್ಚಿ ಮುಂದ ನೂಕಿದ್ರು."

ಗದ್ದೆಪ್ಪ ಜಗಿಯುವುದನ್ನು ನಿಲ್ಲಿಸಿದ. ಯಾಕೆ ನೂಕಿದಿರಿ ಎಂದೆ.

"ಗಂಗವ್ವನ ಪೂಜಿ ಮಾಡಿ ಇದ ನೀರು ಕುಡೀತೀವಿ. ನಮ್ಮ ಸೀಮ್ಯಾಗ ಹೆಣ ಎತ್ತಿದ್ರ ಮನಿಮನ್ಯಾಗಿನ ನೀರೆಲ್ಲಾ ಚೆಲ್ಲಬೇಕು, ಒಲಿ ಹಚ್ಚಂಗಿಲ್ಲ. ಮತ್ತ ಪೊಲೀಸ್ರು. ಹಿಂದೊಮ್ಮಿ ನನ್ನ ಮಗ ಒಬ್ಬನ್ನ ಎತ್ತಿದ್ದ. ಸಾಕ್ಷಿ ಹೇಳು ಬಾ ಅಂತ ಕೋರ್ಟಿಗಿ ತಿರಗಿಸಿ ತಿರಗಿಸಿ ಅವನ್ನ ಸಣ್ಣ ಮಾಡಿದ್ರು. ಎತ್ತಿದವ್ರ ಮೈಮ್ಯಾಲ ಬರ್ತದ ಯವ್ವಾ. ಆದ್ರ ನಾವು ಅನ್ಯಾಯ ಮಾಡಿಲ್ಲ. ಉಡಿ ತುಂಬೇ ಕಳಿಸೀವಿ."

ನಾನು ಹೊಗಳಲಿ ಎಂಬಂತೆ ನನ್ನ ಮುಖ ನೋಡಿದಳು. ಆ ಮುಖದಲ್ಲಿ ಕೆಟ್ಟತನ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ನಾವು ಶನಿವಾರ ಮೇಲೆ ಟಯರು, ಹಾಸಿಗೆ ಎಳೆಯುತ್ತಿದ್ದ ಹೊತ್ತಿಗೇ ಇವರು ಕೆಳಗೆ ಅವಳಿಗೆ ಕುಂಕುಮ ಹಚ್ಚುತ್ತಿದ್ದರು. ಆಮೇಲೆ ಫೋನಿನಲ್ಲಿ ಏನೂ ಹಾದು ಹೋಗಿಲ್ಲ ಅಂದರು. ಹೊರಗೆ ಬಂದು ಬೇಲಿಯ ಬುಡದಲ್ಲಿ ವಾಂತಿ ಮಾಡಿದೆ. ಆ ಚೊಂಬಿನ ನೀರು ಅದೇ ಕಾಲುವೆಯದು.

ಮುಂದಿನ ಎರಡು ಸೇತುವೆಗಳಲ್ಲಿ ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಮೆಟ್ಟಿಲ ಮೇಲೆ ಅರಿಷಿಣದ ಅಕ್ಕಿ ಚೆಲ್ಲಿತ್ತು. ಗೋಡೆಗೆ ಒರಗಿಸಿದ್ದ ಗಳದ ತುದಿಯಲ್ಲಿ ಹಸಿರು ನೂಲು. ಗದ್ದೆಪ್ಪ ಜೀಪಿನವನಿಗೆ "ಹೊಡಿಯೋ ಜಲ್ದಿ" ಎಂದು ಕೂಗಿದ. ನಾನು ಎಲ್ಲರಿಗೂ ಫೋನು ಮಾಡಿದೆ.

ನಾಲ್ಕನೇ ಸೇತುವೆಗೆ ನಾವು ಹೋಗುವುದಕ್ಕೂ ಅವಳು ಬರುವುದಕ್ಕೂ ಸರಿಯಾಯಿತು. ಹಿಂದಿನ ದೊಡ್ಡಿಯ ಹತ್ತಿರ ಮುಳ್ಳುಕಂಟಿಗೆ ಸಿಕ್ಕು ನಿಂತವಳನ್ನು ಆಗಷ್ಟೇ ಬಿಡಿಸಿ ನೂಕಿದ್ದರಂತೆ. ಇಲ್ಲಿ ಆರೇಳು ಗಂಡಸರು ಗಳ ಹಿಡಿದು ನಿಂತಿದ್ದರು. ಒಬ್ಬ ಮುದುಕಿ ತಾಟಿನಲ್ಲಿ ಖಣ, ಕುಂಕುಮ ಇಟ್ಟುಕೊಂಡು ಮೆಟ್ಟಿಲ ಮೇಲೆ ತಯಾರಾಗಿದ್ದಳು. ಕೆಂಪು ಖಣ, ಅಂಚಿಗೆ ಜರಿ. ಆ ಮಾಲು ರಾಯಚೂರಿನ ಎಲ್ಲ ಅಂಗಡಿಯಲ್ಲೂ ಇದೆ, ನನ್ನಲ್ಲೂ ಇದೆ.

ಸೊಂಟಕ್ಕೆ ಹಗ್ಗ ಕಟ್ಟಿದ್ದು ನೆನಪಿದೆ. ಯಾರು ಕಟ್ಟಿದರೋ ತಿಳಿಯದು. ಜಿಗಿದೆ. ನೀರಿನ ಸೆಳೆತ ಬಾವಿಯದಲ್ಲ, ಕಾಲು ಕಿತ್ತು ಒಯ್ಯುತ್ತದೆ. ಹಿಂದಿನಿಂದ ತೋಳು ಹಾಕಿ ಹಿಡಿದೆ. ಇನ್ನೊಂದು ಕೈ ಮೆಟ್ಟಿಲ ಪಕ್ಕದ ಕಬ್ಬಿಣದ ಬಳೆಗೆ. ಹೇಸಿಗೆ ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬೀಗರ ಚೀಲದ ಲೋಳೆ ಇದರ ಮುಂದೆ ಏನೂ ಅಲ್ಲ. ಅವಳ ಕೂದಲು ನನ್ನ ಬಾಯಿಗೆ ಬಂತು. ನನ್ನ ಜಾಕೀಟಿನ ಮೇಲೇ ವಾಂತಿ ಮಾಡಿಕೊಂಡೆ.

ಮೇಲಿನಿಂದ ಒಬ್ಬ, "ಏ ಯವ್ವಾ, ಇಲ್ಲಿ ಎತ್ತಬ್ಯಾಡ! ಬಿಡು! ಮುಂದಿನ ತೂಬಿನ ಹತ್ರ ಬ್ಯಾರೆ ಠಾಣಿ ಬರ್ತದ" ಎಂದು ಕೂಗಿದ. ಇನ್ನೊಬ್ಬ ಗಳವನ್ನು ನನ್ನ ಭುಜಕ್ಕೇ ಹಚ್ಚಿದ. ಅಷ್ಟರಲ್ಲಿ ಸಲಾವುದ್ದೀನ್ ಸಾಹೇಬರನ್ನು ಕೂರಿಸಿಕೊಂಡು ಶಂಭುಲಿಂಗಪ್ಪನವರ ಕಾರೂ ಬಂದಿತ್ತು. ಅಧ್ಯಕ್ಷರಾದರೂ ಊರವರನ್ನು ಬೈದಾರು ಎಂದು ತಲೆ ಎತ್ತಿ ನೋಡಿದೆ.

"ಉಮಾದೇವಿಯವ್ರ, ಊರವ್ರ ಜೋಡಿ ತಕರಾರ ಬ್ಯಾಡ್ರಿ. ತೂಬಿನ ತನಕ ಬಿಡ್ರಿ, ಅಲ್ಲಿ ಗಾಡಿನೂ ನಿಲ್ಲತದ, ಪೇಪರಿನವ್ರೂ ಅಲ್ಲೇ ಅದಾರ."

ನಾನು ಅವರಿಗೆ ಏನೆಂದೆನೋ ಇಲ್ಲಿ ಬರೆಯುವುದಿಲ್ಲ. ಸಿರವಾರದ ಹೊಲದಲ್ಲಿ ಎತ್ತಿಗೆ ಬೈಯುವ ಮಾತು. ಮುದುಕಿ ಇನ್ನೂ ತಾಟು ಹಿಡಿದು ಬಗ್ಗುತ್ತಿದ್ದಳು. "ತಾಟು ಒಳಗ ಒಯ್ಯಬೇ!" ಎಂದು ಚೀರಿದೆ. ಜಿರಲೆ ಕಂಡಾಗ ಹೇಗೆ ಚೀರುತ್ತೇನೋ ಹಾಗೆಯೇ ಇರಬೇಕು, ಎಲ್ಲರೂ ಹಿಂದೆ ಸರಿದರು.

ಆಗ ಗದ್ದೆಪ್ಪಣ್ಣ ಬಾಯಲ್ಲಿದ್ದುದನ್ನೆಲ್ಲ ಉಗಿದು ನನ್ನ ಪಕ್ಕಕ್ಕೆ ಜಿಗಿದರು. ಗಳವನ್ನು ಹಿಡಿದು ಎಳೆದದ್ದಕ್ಕೆ ಆ ಮನುಷ್ಯ ನೀರಿಗೇ ಬೀಳುವವನಿದ್ದ. "ಗಟ್ಟಿ ಹಿಡೀರಿ ಅಕ್ಕಾರ, ನಾ ಕಾಲಿಗಿ ಹಿಡೀತೀನಿ" ಎಂದರು. ಸಲಾವುದ್ದೀನ್ ಸಾಹೇಬರು ಮೇಲಿಂದ ಹಗ್ಗ ಎಳೆದರು. ಮೂವರೂ ಮೇಲೆ ಬಂದೆವು.

ಹೊದಿಸಲು ಒಂದು ಚಾದರ ಕೇಳಿದರೆ ಊರಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಜಾಕೀಟು ಬಿಚ್ಚಿ ತೊಳೆದು ಅವಳ ಎದೆಯ ಮೇಲೆ ಹಾಕಿದೆ. ಕೆಳಗೆ ಹಳದಿ ಕುಬಸ, ತೋಳಿಗೆ ಬೇರೆ ಅರಿವೆ ಕೂಡಿಸಿದ್ದು. ಬಣ್ಣ ಬಿಟ್ಟಿತ್ತು. ಹೊಲಿಗೆ ಬಿಟ್ಟಿರಲಿಲ್ಲ.

ಮಾರೆಮ್ಮನನ್ನು ಟಂಟಂ ಆಟೋದಲ್ಲಿ ಕರೆತಂದರು. ದೇವಿಕಾಳ ಅತ್ತೆಯೂ ಬಂದಿದ್ದಳು, ಇಳಿಯುವಾಗಲೇ ಶುರು ಮಾಡಿದಳು, "ನಾವು ಮೊದಲ ಅಂದಿದ್ವಿ, ನೀರಿಗಿ ಬಿದ್ದಾಳಂತ." ಯಾರೂ ಅವಳ ಕಡೆ ತಿರುಗಲಿಲ್ಲ. ಮಾರೆಮ್ಮ ಮಗಳ ಪಕ್ಕ ಕೂತು ಸೆರಗು ಎಳೆದುಕೊಂಡಳು. ಅದರ ಅಂಚಿಗೆ ಮೂರು ಗಂಟು. ಒಂದೊಂದಾಗಿ ಬಿಚ್ಚಿದಳು. ನೇರಳೆ, ಗುಲಾಬಿ, ನೀಲಿ. ಒಳಗಿನ ಅಕ್ಕಿ ನೆನೆದು ಉಬ್ಬಿತ್ತು. ಮೂರನ್ನೂ ತೊಡೆಯ ಮೇಲೆ ಹರವಿ, ಮಗಳ ಕೆನ್ನೆಯ ಮೇಲೆ ಕೈ ಇಟ್ಟು ಕೇಳಿದಳು.

"ಮೂರು ಊರಾಗ ಉಡಿ ತುಂಬ್ಯಾರಲ್ಲ ನನ್ನವ್ವಾ. ಒಂದೂರಾಗರೆ ಒಳಗ ಬಾ ಅನ್ನಲಿಲ್ಲೇನು?"

ಗಳ ಹಿಡಿದಿದ್ದ ಗಂಡಸರು ಅಲ್ಲೇ ಇದ್ದರು. ತಾಟಿನ ಮುದುಕಿಯೂ.

ಮುತ್ತೈದೆ ಹೋದರೆ ತವರಿನಿಂದ ಸೀರೆ, ಖಣ ಬರಬೇಕು. ಅಲ್ಲಿ ಯಾರಿಗೂ ಅದರ ನೆನಪಿಲ್ಲ. ಮನೆಗೆ ಫೋನು ಮಾಡಿದೆ. ಮೇಲಿನ ಅರೆಯಲ್ಲಿರುವ ಹಸಿರು ರೇಷ್ಮೆ ಥಾನಿನಿಂದ ಪೂರಾ ಒಂದು ಮೀಟರ್ ಕತ್ತರಿಸಿ, ಒಂದು ಸೀರೆ ತೆಗೆದುಕೊಂಡು ದೇವದುರ್ಗದ ಆಸ್ಪತ್ರೆಗೆ ಬನ್ನಿ ಎಂದೆ. ನಮ್ಮ ಮನೆಯವರು ಯಾಕೆ ಎಂದು ಕೇಳಲಿಲ್ಲ. ಬೈಕಿನಲ್ಲಿ ಅಷ್ಟು ದೂರ ಬಂದು, ಪಂಚನಾಮೆ ಮುಗಿಯುವವರೆಗೂ ಗಂಟು ಎದೆಗೆ ಹಿಡಿದು ಬೇವಿನ ಗಿಡದ ಕೆಳಗೆ ನಿಂತಿದ್ದರು. ಮಾರೆಮ್ಮ ಖಣವನ್ನು ಬೆರಳಲ್ಲಿ ಮುಟ್ಟಿ ನೋಡಿ, "ಅಗಲ ಅದ" ಅಂದಳು. ತಾನೇ ಉಡಿ ತುಂಬಿದಳು. ಮಸರಕಲ್ಲಿನಲ್ಲಿ ಮಣ್ಣು ಕೊಟ್ಟರು.

ಬರುವಾಗ ಜೀಪಿನಲ್ಲಿ ಹಸಿವೆಂದರೆ ಹಸಿವು. ಗದ್ದೆಪ್ಪಣ್ಣನ ಬುತ್ತಿಯಲ್ಲಿ ಎರಡು ರೊಟ್ಟಿ ಇದ್ದವು. ಒಂದು ನಾನು ತಿಂದೆ. ಪುಂಡಿಪಲ್ಯಕ್ಕೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಕೈ ತೊಳೆದಿದ್ದೆಯಾ ಎಂದು ಆಮೇಲೆ ನಮ್ಮ ಮನೆಯವರು ಕೇಳಿದರು. ನೆನಪಿಲ್ಲ.

ಸೆಪ್ಟೆಂಬರ್ 18, ಗುರುವಾರ

ಪತ್ರಿಕೆಯಲ್ಲಿ ಶಂಭುಲಿಂಗಪ್ಪನವರ ಫೋಟೋ ಬಂದಿದೆ. ಅದೇ ಹಾಳೆಯಲ್ಲಿ ಖಾರ ಮಂಡಕ್ಕಿ ಕಟ್ಟಿ ಕೊಟ್ಟ ಪಕ್ಕದ ಹೋಟೆಲಿನವನು. ಎಣ್ಣೆ ಇಳಿದು ಅವರ ಮುಖ ಪಾರದರ್ಶಕವಾಗಿತ್ತು.

ಸೆಪ್ಟೆಂಬರ್ 24, ಬುಧವಾರ

ನವರಾತ್ರಿ ಗಿರಾಕಿ. ಜಾಕೀಟು ಒಗೆದು ಅಂಗಡಿಯ ಹಿಂದೆ ಒಣಹಾಕಿದ್ದೇನೆ. ಕಂಕುಳ ಕಮಟು ಹೋಗಿಲ್ಲ, ಆದರೆ ಈಗ ಅದು ನನ್ನದೇ. ಭಾನುವಾರ ಮಾನ್ವಿ ಕಡೆ ತರಬೇತಿ ಇದೆ ಎಂದು ಗದ್ದೆಪ್ಪಣ್ಣ ಫೋನು ಮಾಡಿದ್ದರು. ಈ ಸಲ ರೊಟ್ಟಿ ನಾನು ತರುತ್ತೇನೆ ಎಂದೆ.

ಮಧ್ಯಾಹ್ನ ದೇವದುರ್ಗ ಕಡೆಯ ಅಂಗಡಿಯವನೊಬ್ಬ ಬಂದ. ಹಳೆಯ ಗಿರಾಕಿ, ಕಾಲುವೆ ದಂಡೆಯ ದೊಡ್ಡಿಗಳಿಗೆಲ್ಲ ಇವನದೇ ಮಾಲು. "ಅಕ್ಕಾರ, ಉಡಿ ಖಣ ಕೊಡ್ರಿ. ಹಬ್ಬದಾಗ ಭಾಳ ಹೋಗತಾವ. ಹೋದ ಸಲದ್ದ ಮಾಲ ಇರಲಿ."

ಇಲ್ಲ ಎಂದೆ.

ಅವನು ನನ್ನ ಹಿಂದೆ ಕೈ ತೋರಿಸಿದ. "ಅಲ್ಲಿ ಕಟ್ಟು ಕಟ್ಟು ಕಾಣಾಕತ್ತಾವಲ್ರಿ?"

"ಅವು ಹೊಲಿಸಿಕೊಂಡು ತೊಡೂವವ್ರಿಗಿ ಮಾತ್ರ."

ಅವನು ಜೋರಾಗಿ ನಕ್ಕ. ನಮ್ಮ ಮನೆಯವರು ಒಳಗೆ ಥಾನು ಸುತ್ತುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು, ನಗಲಿಲ್ಲ.

"ಉಡಿ ಖಣ ಯಾರು ಹೊಲಿಸ್ತಾರಕ್ಕಾ?"

"ಮಸರಕಲ್ಲಿನ ದೇವಿಕಾ ಹೊಲಿಸಿದ್ಲು" ಅಂದೆ.

ಯಾವ ದೇವಿಕಾ ಎಂದು ಅವನು ಕೇಳಲಿಲ್ಲ. ಚೀಲ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋದ.